ಹೊರುವ ಬ್ಯಾಟರಿ ಯಾರಿಗೆ ಬೇಕು?

ಹಿಡಿಕೆಯಿರುವ ಒಂದು ಪೆಟ್ಟಿಗೆ. ಒಳಗೆ ಲಿಥಿಯಂ ಬ್ಯಾಟರಿ, ಇನ್ವರ್ಟರ್, ಚಾರ್ಜರ್, ಸೋಲಾರ್ ಕಂಟ್ರೋಲರ್ ಎಲ್ಲವೂ ಒಟ್ಟಿಗೆ. ಮುಂದುಗಡೆ ಪ್ಲಗ್ ಪಾಯಿಂಟುಗಳ ಸಾಲು. ಪೋರ್ಟಬಲ್ ಪವರ್ ಸ್ಟೇಷನ್ ಅಂದರೆ ಇದು. ಹೊಗೆಯಿಲ್ಲ, ಜನರೇಟರಿನ ಗದ್ದಲವಿಲ್ಲ, ಬ್ಯಾಟರಿ ನೀರು ಹಾಕುವ ಗೋಜಿಲ್ಲ. ಆಂಧ್ರದ ನಮ್ಮ ಎಮ್ಮಿಗನೂರು, ಆದೋನಿ ಕಡೆ ಬೇಸಿಗೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋದರೆ ಮಲಗಿದ ಮಗು ಎದ್ದು ಕೂರುತ್ತದೆ, ವಯಸ್ಸಾದವರಿಗೆ ಉಸಿರು ಕಟ್ಟುತ್ತದೆ. ಹಳೆಯ ಇನ್ವರ್ಟರ್ ಕೆಟ್ಟ ಮನೆಯವರು ಈ ಪೆಟ್ಟಿಗೆಯ ಜಾಹೀರಾತು ನೋಡಿ ಆಸೆಪಡುವುದು ಸಹಜ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಇದು ಒಳ್ಳೆಯ ಸಾಧನ, ಆದರೆ ಇದರ ಬೆಲೆಯ ದೊಡ್ಡ ಪಾಲು ಹೊತ್ತೊಯ್ಯುವ ಅನುಕೂಲಕ್ಕೆ ಸಲ್ಲುತ್ತದೆ. ಹೊರುವ ಕೆಲಸವೇ ಇಲ್ಲದವರು ಆ ಪಾಲನ್ನು ವ್ಯರ್ಥವಾಗಿ ಕೊಡುತ್ತಾರೆ.

ಮೊದಲು ಲೆಕ್ಕ ನೋಡೋಣ. ಪೆಟ್ಟಿಗೆಯ ಮೇಲೆ 1000 ವ್ಯಾಟ್-ಅವರ್ ಎಂದಿದ್ದರೆ ಅದು ಕರೆಂಟು ಬಿಲ್ಲಿನ ಒಂದು ಯೂನಿಟ್. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 850. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 150 ಎಎಚ್ ಟ್ಯೂಬುಲರ್ ಬ್ಯಾಟರಿ 12 ವೋಲ್ಟಿಗೆ 1800 ವ್ಯಾಟ್-ಅವರ್ ಹಿಡಿಯುತ್ತದೆ. ಆಯಸ್ಸು ಉಳಿಯಬೇಕಾದರೆ ಅದನ್ನು ಅರ್ಧದಷ್ಟೇ ಬಳಸಬೇಕು. ಹಾಗಾಗಿ ಕೆಲಸಕ್ಕೆ ಬರುವ ಶಕ್ತಿಯಲ್ಲಿ ಒಂದು ಯೂನಿಟ್ಟಿನ ಲಿಥಿಯಂ ಪೆಟ್ಟಿಗೆ ಒಂದು ಟ್ಯೂಬುಲರ್ ಬ್ಯಾಟರಿಗೆ ಹೆಚ್ಚುಕಡಿಮೆ ಸಮ. ತೂಕದಲ್ಲಿ ಮಾತ್ರ ಅಜಗಜಾಂತರ: ಟ್ಯೂಬುಲರ್ ಐವತ್ತು ಕಿಲೋ ಮೀರುತ್ತದೆ, ಪೆಟ್ಟಿಗೆಯನ್ನು ಒಬ್ಬರೇ ಎತ್ತಬಹುದು. ಬೆಲೆ ಪೆಟ್ಟಿಗೆಯದೇ ಬಹಳ ಹೆಚ್ಚು.

ಈ 850ರಲ್ಲಿ ಏನು ನಡೆಯುತ್ತದೆ? ಹಳೆಯ ಮಾದರಿಯ ಫ್ಯಾನು 75 ವ್ಯಾಟ್ ಎಳೆಯುತ್ತದೆ. ಅಂಥ ಎರಡು ಫ್ಯಾನು, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ಒಂದು ವೈಫೈ ಪೆಟ್ಟಿಗೆ ಸೇರಿದರೆ ಸುಮಾರು 196 ವ್ಯಾಟ್; ನಾಲ್ಕು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಎಲ್ಲವೂ ನಿಲ್ಲುತ್ತದೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿ ಮಾದರಿಗೆ ಬದಲಿಸಿದರೆ ಅದೇ ಬ್ಯಾಟರಿ ಎಂಟು ಗಂಟೆ, ಅಂದರೆ ಇಡೀ ರಾತ್ರಿ ಬರುತ್ತದೆ. ದೊಡ್ಡ ಬ್ಯಾಟರಿಗೆ ಹಣ ಹಾಕುವ ಮುನ್ನ ಫ್ಯಾನಿಗೆ ಹಾಕುವುದು ಜಾಣತನ. ಅದು ಕರೆಂಟಿದ್ದಾಗಲೂ ಬಿಲ್ಲು ಇಳಿಸುತ್ತದೆ. ಏರ್ ಕೂಲರ್ ನಡೆಸುವ ಆಸೆಯಿದ್ದರೆ ಅದರ ಹಿಂಬದಿಯ ಚೀಟಿಯಲ್ಲಿ ವ್ಯಾಟ್ ಎಷ್ಟೆಂದು ಓದಿಕೊಳ್ಳಿ. ಫ್ರಿಜ್ಜು ಶುರುವಾಗುವ ಕ್ಷಣದಲ್ಲಿ ತನ್ನ ವ್ಯಾಟಿನ ಹಲವು ಪಟ್ಟು ಎಳೆಯುತ್ತದೆ, ಹಾಗಾಗಿ ಪೆಟ್ಟಿಗೆಯ ಗರಿಷ್ಠ ವ್ಯಾಟನ್ನೂ ಕೇಳಬೇಕು. ಹೊಲದ ಐದು ಎಚ್‌ಪಿ ಮೋಟಾರಿಗೆ ಸುಮಾರು 3.7 ಕಿಲೋವ್ಯಾಟ್ ಬೇಕು. ಅದು ಈ ವರ್ಗದ ಪೆಟ್ಟಿಗೆಗಳ ಕೆಲಸವೇ ಅಲ್ಲ.

ಜಾಹೀರಾತು ಹೇಳದ ದೊಡ್ಡ ತೊಡಕು ವೈರಿಂಗಿನಲ್ಲಿದೆ. ಮನೆಯ ಇನ್ವರ್ಟರಿಗೆ ಎಲೆಕ್ಟ್ರಿಷಿಯನ್ ಬೇರೆ ಲೈನು ಎಳೆದಿರುತ್ತಾನೆ. ಕರೆಂಟು ಹೋದೊಡನೆ ಚಾವಣಿಯ ಫ್ಯಾನು ತಾನಾಗಿ ತಿರುಗುತ್ತದೆ. ಪವರ್ ಸ್ಟೇಷನ್ನಿಗೆ ಪ್ಲಗ್ ಚುಚ್ಚಿದ್ದಷ್ಟೇ ನಡೆಯುತ್ತದೆ. ಚಾವಣಿಗೆ ಬಿಗಿದ ಫ್ಯಾನಿಗೆ ಪ್ಲಗ್ಗೇ ಇಲ್ಲ. ಎರಡೂ ತುದಿಗೆ ಪಿನ್ನಿರುವ ವೈರು ಮಾಡಿಸಿ ಪೆಟ್ಟಿಗೆಯಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ಕೊಡಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಲೇಬೇಡಿ. ಹೊರಗಿನ ತಂತಿಗೆ ಕರೆಂಟು ಹರಿದರೆ ಕಂಬದ ಮೇಲಿರುವ ಲೈನ್‌ಮನ್ನಿನ ಪ್ರಾಣ ಹೋಗಬಹುದು. ಪಿನ್ನು ಮುಟ್ಟಿದ ಮನೆಯವರಿಗೂ ಅದೇ ಅಪಾಯ.

"3000 ಸೈಕಲ್ ಬಾಳಿಕೆ" ಎಂಬ ಹೇಳಿಕೆಯನ್ನೂ ತೂಗಿ ನೋಡಬೇಕು. ದಿನಾ ತುಂಬಿಸಿ ದಿನಾ ಬರಿದು ಮಾಡಿದರೆ ಅದು ಎಂಟು ವರ್ಷ. ವಾರಕ್ಕೆ ಎರಡು ಸಲ ಬಳಸುವ ಮನೆಯಲ್ಲಿ ಆ ಲೆಕ್ಕ ಮೂವತ್ತು ವರ್ಷ ಸಮೀಪಿಸುತ್ತದೆ, ಆದರೆ ಬ್ಯಾಟರಿ ಅಷ್ಟು ಕಾಲ ಬದುಕುವುದಿಲ್ಲ. ಸುಮ್ಮನೆ ಇಟ್ಟರೂ ಅದು ಮುಪ್ಪಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಸಾಮಾನ್ಯವಾಗಿ 45 ಡಿಗ್ರಿ ಮೀರಿದರೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು. ನಮ್ಮ ಕಡೆಯ ಮಹಡಿ ಕೋಣೆಗಳಲ್ಲಿ ಮಧ್ಯಾಹ್ನ ಆ ಮಿತಿ ದೂರವಿಲ್ಲ. ಕೊಳ್ಳುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯದ್ದನ್ನೇ ಕೊಳ್ಳಿ. ಬಿಸಿಯನ್ನು ತಾಳುವುದರಲ್ಲಿ, ಬೆಂಕಿ ಹೊತ್ತದಿರುವುದರಲ್ಲಿ ಅದು ಉಳಿದವಕ್ಕಿಂತ ಮೇಲು. ನೆಲಮಹಡಿಯ ತಂಪು ಮೂಲೆಯಲ್ಲಿಟ್ಟು ರಾತ್ರಿ ಹೊತ್ತು ನಿಧಾನವಾಗಿ ಚಾರ್ಜ್ ಮಾಡಿ.

ಈ ಊರಿಗೆ ವಿಶೇಷವಾದ ಒಂದು ಅಗತ್ಯವಿದೆ. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದ ಊರು ಎಮ್ಮಿಗನೂರು. ಕೈಮಗ್ಗಕ್ಕೆ ಕರೆಂಟು ಬೇಡ, ಬೆಳಕು ಬೇಕು. ಕಡಿದ ಎಳೆ ಕಣ್ಣಿಗೆ ಬೀಳದಿದ್ದರೆ ನೇಯ್ದದ್ದು ಹಾಳಾಗುತ್ತದೆ, ಕೂಲಿಯೂ ಹೋಗುತ್ತದೆ. ಮಗ್ಗದ ಮೇಲೆ ಎರಡು ಎಲ್‌ಇಡಿ ದೀಪಕ್ಕೆ 20 ವ್ಯಾಟ್ ಸಾಕು. ಅಷ್ಟು ಸಣ್ಣ ಲೋಡಿಗೆ ದೊಡ್ಡ ಪವರ್ ಸ್ಟೇಷನ್ ಇಟ್ಟರೆ ಅದರ ಇನ್ವರ್ಟರ್ ಸುಮ್ಮನೆ ಆನ್ ಇರುವುದಕ್ಕೇ ದೀಪಗಳಷ್ಟು ಶಕ್ತಿ ತಿನ್ನಬಹುದು. ನೇಕಾರನ ಮನೆಗೆ ಸರಿಹೊಂದುವುದು 12 ವೋಲ್ಟಿನ ಡಿಸಿ ದೀಪ, ಸಣ್ಣ ಬ್ಯಾಟರಿ, ಮಾಳಿಗೆಯ ಮೇಲೊಂದು ಸಣ್ಣ ಸೋಲಾರ್ ಫಲಕ. ಕರ್ನಾಟಕದಲ್ಲಿ 1995ರಿಂದ ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೊ ಹಿಡಿದ ದಾರಿ ಇದೇ: ಮನೆಯವರ ಕೆಲಸ ನೋಡಿ ದೀಪದ ಲೆಕ್ಕ ಹಾಕುವುದು, ಬ್ಯಾಂಕ್ ಸಾಲ ಹೊಂದಿಸುವುದು, ರಿಪೇರಿಗೆ ಹತ್ತಿರದಲ್ಲೇ ಜನರನ್ನಿಡುವುದು. ಯಾವ ಪವರ್ ಸ್ಟೇಷನ್ನನ್ನೂ ಈ ಮೂರು ಮಾತಿನ ಮೇಲೆ ಅಳೆಯಬಹುದು.

ಹಾಗಾದರೆ ಈ ಪೆಟ್ಟಿಗೆ ನಿಜವಾಗಿ ಎಲ್ಲಿ ಗೆಲ್ಲುತ್ತದೆ? ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಭಕ್ತರು ಈ ಸೀಮೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಗುತ್ತಾರೆ. ದಾರಿಯುದ್ದಕ್ಕೂ ದಾಸೋಹದ ಶಿಬಿರಗಳು. ಕಾಡಿನ ತಂಗುದಾಣದಲ್ಲಿ ಒಂದು ಯೂನಿಟ್ಟಿನ ಪೆಟ್ಟಿಗೆ ಮೂವತ್ತಕ್ಕೂ ಹೆಚ್ಚು ಫೋನುಗಳನ್ನು ಪೂರ್ತಿ ತುಂಬಿಸುತ್ತದೆ, ಇಲ್ಲವೇ ಅಡುಗೆಯವರಿಗೂ ಗಾಯಕ್ಕೆ ಮದ್ದು ಹಾಕುವವರಿಗೂ ರಾತ್ರಿಯಿಡೀ ಬೆಳಕು ಕೊಡುತ್ತದೆ. ಒಣಗಿದ ಎಲೆಯ ಕಾಲದಲ್ಲಿ ಪೆಟ್ರೋಲ್ ಕ್ಯಾನು, ಬಿಸಿ ಜನರೇಟರ್ ಕಾಡಿಗೆ ಒಯ್ಯುವುದಕ್ಕಿಂತ ಇದು ಎಷ್ಟೋ ಕ್ಷೇಮ. ಎಮ್ಮಿಗನೂರಿನಲ್ಲಿ ಜನವರಿಯ ನೀಲಕಂಠೇಶ್ವರ ಜಾತ್ರೆಯ ಅಂಗಡಿಯವರಿಗೆ, ಮೆಣಸಿನಕಾಯಿ ಕಣ ಕಾಯುವವರಿಗೆ, ಆಗಾಗ ಮನೆ ಬದಲಿಸುವ ಬಾಡಿಗೆದಾರರಿಗೆ ಇದರ ಬೆಲೆ ನ್ಯಾಯವಾದದ್ದೇ. ಹೊಲದಲ್ಲಿ ಬಳಸುವವರು ಫಲಕದ ವೋಲ್ಟೇಜು ಪೆಟ್ಟಿಗೆಯ ಮಿತಿಯೊಳಗಿದೆಯೇ ನೋಡಿಕೊಳ್ಳಬೇಕು. 200 ವ್ಯಾಟಿನ ಫಲಕ ಒಳ್ಳೆಯ ದಿನವೂ ಸುಮಾರು ಮುಕ್ಕಾಲು ಯೂನಿಟ್ ಕೊಡುತ್ತದೆ. ಫಲಕ ಬಿಸಿಲಲ್ಲಿರಲಿ, ಪೆಟ್ಟಿಗೆ ಮಾತ್ರ ನೆರಳಲ್ಲಿರಲಿ.

ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಂದ ತಂದುಕೊಡುತ್ತೇವೆಂದರೆ ಬೇಡವೆನ್ನಿ. ಅಲ್ಲಿನದು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಅದಕ್ಕೂ ಮೊದಲು, 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದ ಲಗೇಜಿನಲ್ಲಿ ತರಲು ಬಿಡುವುದೇ ಇಲ್ಲ. ಇನ್ನೊಂದು ತಪ್ಪು ನಂಬಿಕೆ ಮಾಳಿಗೆಯ ಸೋಲಾರಿನದ್ದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಬ್ಯಾಟರಿಯಿಲ್ಲದ ಆನ್-ಗ್ರಿಡ್ ಸೋಲಾರ್ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಲೈನ್‌ಮನ್ನಿನ ರಕ್ಷಣೆಗೆ ಅದು ಹಾಗೆ ನಿಲ್ಲಲೇಬೇಕು. ಅದರಿಂದ ಬಿಲ್ಲು ಇಳಿಯುತ್ತದೆ, ಕತ್ತಲೆ ನೀಗುವುದಿಲ್ಲ.

ಕೊನೆಯ ಪರೀಕ್ಷೆ ಕೆಟ್ಟ ದಿನದ್ದು. ಟ್ಯೂಬುಲರ್ ಬ್ಯಾಟರಿ ಸತ್ತರೆ ಅಂಗಡಿಯವರು ಸೀಸದ ತೂಕಕ್ಕೆ ಹಣ ಕಳೆದು ಹೊಸದು ಕೊಡುತ್ತಾರೆ. ಇನ್ವರ್ಟರ್ ಕೆಟ್ಟರೆ ಊರಲ್ಲೇ ರಿಪೇರಿ. ಪವರ್ ಸ್ಟೇಷನ್ನಿನಲ್ಲಿ ಎಲ್ಲವೂ ಒಂದೇ ಪೆಟ್ಟಿಗೆಯೊಳಗಿರುವುದರಿಂದ ಒಂದು ಬಿಡಿಭಾಗ ಕೆಟ್ಟರೂ ಇಡೀ ಪೆಟ್ಟಿಗೆ ದೂರದ ಸರ್ವಿಸ್ ಸೆಂಟರಿಗೆ ಹೋಗಬೇಕಾಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಳ್ಳುವಾಗಲೇ ಕೇಳಿ: ಹಳೆಯದನ್ನು ಯಾರು ಒಯ್ಯುತ್ತಾರೆ, ರಿಪೇರಿ ಯಾವ ಊರಲ್ಲಿ, ಬ್ಯಾಟರಿಗೆ ಬಿಐಎಸ್ ಗುರುತು ಇದೆಯೇ? ಉತ್ತರ ಸಿಗದ ಅಂಗಡಿಯಲ್ಲಿ ಕೊಳ್ಳಬೇಡಿ.

ಒಂದೇ ಕಡೆ ನೆಲೆನಿಂತ ಮನೆಗೆ ನನ್ನ ಶಿಫಾರಸು ಸ್ಪಷ್ಟ: ಪ್ಯೂರ್ ಸೈನ್ ವೇವ್ ಇನ್ವರ್ಟರ್, ಕೈಗೆಟುಕಿದರೆ ಲಿಥಿಯಂ ಬ್ಯಾಟರಿ, ಇಲ್ಲವಾದರೆ ಟ್ಯೂಬುಲರ್, ಜೊತೆಗೆ ಬಿಎಲ್‌ಡಿಸಿ ಫ್ಯಾನು. ಮಗ್ಗದ ಮನೆಗೆ ಡಿಸಿ ದೀಪ. ಪವರ್ ಸ್ಟೇಷನ್ ಬೇಕಾದದ್ದು ಕೆಲಸವೇ ಊರಾಚೆ ಇರುವವರಿಗೆ. ವರ್ಷದಲ್ಲಿ ಅದು ಎಷ್ಟು ಸಲ ಹೊಸ್ತಿಲು ದಾಟುತ್ತದೆ ಎಂದು ಪ್ರಾಮಾಣಿಕವಾಗಿ ಎಣಿಸಿ. ಎರಡು ಮೂರು ಸಲಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಹಣವನ್ನು ಮನೆಯ ಫ್ಯಾನು, ದೀಪ, ವೈರಿಂಗಿಗೆ ಹಾಕಿ.