ಹಾಜರಿ ಅಳೆದರೆ ಆರೈಕೆ ಅಳೆದಂತೆಯೇ?

ಅಳತೆಯ ಸಾಧನವೊಂದನ್ನು ಕೈಗೆತ್ತಿಕೊಂಡಾಗ ಭೌತವಿಜ್ಞಾನದ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದರ ದೋಷದ ಮಿತಿ ಎಷ್ಟು? ಅಳೆಯುವ ಕ್ರಿಯೆಯಿಂದ ಅಳೆಯಬೇಕಾದ ಸಂಗತಿಯೇ ಬದಲಾಗುತ್ತದೆಯೆ? ಇದು ಅಳೆಯುತ್ತಿರುವುದು ನಿಜವಾಗಿ ಏನನ್ನು? ವರ್ನಿಯರ್ ಕ್ಯಾಲಿಪರ್ಸ್, ಅಮ್ಮೀಟರ್, ಉಷ್ಣತಾಮಾಪಕಗಳ ಬಗೆಗೆ ನಾವು ಈ ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ. ಮನುಷ್ಯರ ದಿನಚರಿಯನ್ನು ದಾಖಲಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೂ ಇವು ಅಷ್ಟೇ ಅನ್ವಯಿಸುತ್ತವೆ. ಅಮೆರಿಕದಲ್ಲಿ ಬೆಳವಣಿಗೆಯ ವೈಕಲ್ಯವುಳ್ಳವರ ಸೇವೆಗೆ ಕಡ್ಡಾಯಗೊಳಿಸಿರುವ ಅಂಥ ಒಂದು ವ್ಯವಸ್ಥೆಯನ್ನು ಈ ಮೂರು ಪ್ರಶ್ನೆಗಳ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ದಾಖಲೆ ಏಕೆ ಬೇಕಾಯಿತು?

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮೊದಲಾದವು ಬೆಳವಣಿಗೆಯ ವೈಕಲ್ಯಗಳು. ಇವುಗಳಿಂದ ಬಳಲುವವರನ್ನು ಅಮೆರಿಕದಲ್ಲಿ ಬಹುಕಾಲ ದೊಡ್ಡ ದೊಡ್ಡ ಸರ್ಕಾರಿ ವಸತಿಗಳಲ್ಲಿ ಕೂಡಿಡಲಾಗುತ್ತಿತ್ತು. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸಂಸ್ಥೆ ಸುಮಾರು 4,000 ಮಂದಿಗೆಂದು ಕಟ್ಟಿದ್ದು. 1965ರ ಹೊತ್ತಿಗೆ ಅಲ್ಲಿ ಸುಮಾರು 6,000 ಮಂದಿ ಇದ್ದರು. 1972ರಲ್ಲಿ ಅಲ್ಲಿನ ಕೊಳಕು ಮತ್ತು ನಿರ್ಲಕ್ಷ್ಯ ದೂರದರ್ಶನದ ಮೂಲಕ ಇಡೀ ದೇಶದ ಕಣ್ಣಿಗೆ ಬಿತ್ತು. 1987ರಲ್ಲಿ ಅದು ಮುಚ್ಚಿತು. ಈ ನಡುವೆ 1981ರ ಕಾಯಿದೆಯೊಂದು ಮೆಡಿಕೇಡ್ ಯೋಜನೆಯ ಹಣವನ್ನು ಮನೆ ಮತ್ತು ಊರಿನೊಳಗಿನ ಸೇವೆಗಳಿಗೂ ಬಳಸಲು ದಾರಿ ಮಾಡಿಕೊಟ್ಟಿತು. ಕಾರಣವಿಲ್ಲದೆ ಇಂಥವರನ್ನು ಸಂಸ್ಥೆಗಳಲ್ಲಿ ಇಡುವುದು ತಾರತಮ್ಯ ಎಂದು 1999ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಓಲ್ಮ್‌ಸ್ಟೆಡ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಹೀಗೆ ಸೇವೆ ಒಂದೇ ಕಟ್ಟಡದಿಂದ ಸಾವಿರಾರು ಮನೆಗಳಿಗೆ ಹರಡಿತು. ಇದು ಒಳ್ಳೆಯದೇ. ಆದರೆ ಮುಚ್ಚಿದ ಬಾಗಿಲ ಹಿಂದೆ ಸಹಾಯಕರು ನಿಜವಾಗಿ ಬಂದರೆ, ಸ್ನಾನ ಮಾಡಿಸಿದರೆ, ಊಟ ಮಾಡಿಸಿದರೆ ಎಂದು ನೋಡುವವರು ಯಾರು? ಸೇವೆ ಪಡೆಯುವ ಹಲವರಿಗೆ ಮಾತು ಬರುವುದಿಲ್ಲ. ಬಾರದ ಸಹಾಯಕರ ಹೆಸರಿನಲ್ಲಿ ಬಿಲ್ಲು ಸಲ್ಲಿಸಿದ ಪ್ರಕರಣಗಳೂ ಇದ್ದವು. ಆದ್ದರಿಂದ ದಾಖಲೆ ಬೇಡ ಎಂದು ಯಾರೂ ಹೇಳಲಾರರು. ಎಂಥ ದಾಖಲೆ ಎಂಬುದೇ ಪ್ರಶ್ನೆ.

ಆರು ಅಂಶಗಳ ಕಾಯಿದೆ

2016ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ‘21ನೇ ಶತಮಾನದ ಕ್ಯೂರ್ಸ್ ಕಾಯಿದೆ’ಯ 12006ನೇ ವಿಧಿ ಇದಕ್ಕೆ ಕೊಟ್ಟ ಉತ್ತರ ‘ಎಲೆಕ್ಟ್ರಾನಿಕ್ ವಿಸಿಟ್ ವೆರಿಫಿಕೇಶನ್’, ಚಿಕ್ಕದಾಗಿ ಇ.ವಿ.ವಿ. ಮೆಡಿಕೇಡ್ ಹಣದಿಂದ ಮನೆಯಲ್ಲಿ ಕೊಡುವ ವೈಯಕ್ತಿಕ ಆರೈಕೆಯ ಪ್ರತಿ ಭೇಟಿಗೂ ಆರು ಅಂಶಗಳನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ದಾಖಲಿಸಬೇಕು. ಸೇವೆಯ ಬಗೆ, ಪಡೆದವರು ಯಾರು, ದಿನಾಂಕ, ಸ್ಥಳ, ಕೊಟ್ಟವರು ಯಾರು, ಆರಂಭ ಮತ್ತು ಮುಕ್ತಾಯದ ವೇಳೆ - ಇವೇ ಆ ಆರು. ವೈಯಕ್ತಿಕ ಆರೈಕೆಗೆ 2019ರ ಜನವರಿಯಿಂದ ಎಂದಿದ್ದ ಗಡುವನ್ನು ಮುಂದೆ 2020ರ ಜನವರಿಗೆ ಮುಂದೂಡಲಾಯಿತು. ಮನೆಯಲ್ಲಿ ಕೊಡುವ ವೈದ್ಯಕೀಯ ಸೇವೆಗಳಿಗೆ ಗಡುವು 2023ರ ಜನವರಿ. ಪಾಲಿಸದ ರಾಜ್ಯಕ್ಕೆ ಈ ಸೇವೆಗಳಿಗಾಗಿ ಕೇಂದ್ರ ಕೊಡುವ ಪಾಲಿನಲ್ಲಿ ಕಡಿತ; ಅದು ಶೇಕಡ 0.25 ಅಂಶದಿಂದ ಆರಂಭವಾಗಿ ಶೇಕಡ 1 ಅಂಶದವರೆಗೆ ಏರುತ್ತದೆ.

ದಾಖಲಿಸಲು ಮೂರು ಮುಖ್ಯ ವಿಧಾನಗಳಿವೆ: ಸಹಾಯಕರು ಮನೆಯ ಸ್ಥಿರ ದೂರವಾಣಿಯಿಂದ ಕರೆ ಮಾಡುವುದು, ಮನೆಯಲ್ಲಿ ಅಳವಡಿಸಿದ ಪುಟ್ಟ ಸಾಧನ ತೋರಿಸುವ ಸಂಖ್ಯೆಯನ್ನು ಬರೆದುಕೊಳ್ಳುವುದು, ಇಲ್ಲವೆ ಮೊಬೈಲ್ ಫೋನಿನ ತಂತ್ರಾಂಶದಲ್ಲಿ ಜಿಪಿಎಸ್ ಮೂಲಕ ಸ್ಥಳ ಗುರುತಿಸುವುದು. ಹೆಚ್ಚು ಚರ್ಚೆಗೆ ಒಳಗಾಗಿರುವುದು ಮೂರನೆಯದು.

ಮೊದಲ ಪ್ರಶ್ನೆ: ದೋಷದ ಮಿತಿ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವುಗಳ ಸಂಜ್ಞೆ ನೆಲ ಮುಟ್ಟುವಾಗ ಅದರ ಸಾಮರ್ಥ್ಯ ಸುಮಾರು 10⁻¹⁶ ವಾಟ್, ಅಂದರೆ ಒಂದು ವಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಸಂಜ್ಞೆ ಬರಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ದೂರವನ್ನು ಕಂಡುಹಿಡಿಯುವುದು ಇಲ್ಲಿನ ತತ್ತ್ವ. ಕಾಲದಲ್ಲಿ ಒಂದು ಮೈಕ್ರೋಸೆಕೆಂಡು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಬಯಲಿನಲ್ಲಿ, ತೆರೆದ ಆಕಾಶದಡಿ ಮೊಬೈಲ್ ಫೋನಿನ ನಿಖರತೆ ಸಾಮಾನ್ಯವಾಗಿ 5 ಮೀಟರ್ ಆಸುಪಾಸು. ಆದರೆ ಆರೈಕೆ ನಡೆಯುವುದು ಬಯಲಿನಲ್ಲಲ್ಲ, ಚಾವಣಿಯ ಕೆಳಗೆ. ಕಾಂಕ್ರೀಟು ಈ ದುರ್ಬಲ ಸಂಜ್ಞೆಯನ್ನು ಹೀರುತ್ತದೆ. ಎದುರಿನ ಕಟ್ಟಡದ ಗೋಡೆಗೆ ಬಡಿದು ಪ್ರತಿಫಲಿಸಿ ಬಂದ ಸಂಜ್ಞೆ ಹೆಚ್ಚು ದೂರ ಕ್ರಮಿಸಿರುತ್ತದೆ. ಆಗ ಫೋನು ವೈಫೈ ಮತ್ತು ಮೊಬೈಲ್ ಗೋಪುರಗಳ ನೆರವಿನಿಂದ ಸ್ಥಳವನ್ನು ಅಂದಾಜು ಮಾಡುತ್ತದೆ. ದೋಷ ಹತ್ತಾರು ಮೀಟರುಗಳಿಗೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಿಗೆ ಏರುತ್ತದೆ. ಬಹುಮಹಡಿ ಕಟ್ಟಡದಲ್ಲಿ ಯಾವ ಮನೆಯಲ್ಲಿ ಸಹಾಯಕರು ಇದ್ದರು ಎಂದು ಈ ಅಳತೆ ಹೇಳಲಾರದು.

ತೊಡಕೆಂದರೆ, ದಾಖಲೆಯಲ್ಲಿ ಈ ದೋಷ ಕಾಣುವುದೇ ಇಲ್ಲ. ಫೋನು ಅಕ್ಷಾಂಶವನ್ನು ದಶಮಾಂಶದ ಆರನೆಯ ಸ್ಥಾನದವರೆಗೆ ಕೊಡುತ್ತದೆ. ಆರನೆಯ ಸ್ಥಾನ ಎಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್! ಹತ್ತಾರು ಮೀಟರು ತಪ್ಪಬಹುದಾದ ಅಳತೆಯನ್ನು ಸೆಂಟಿಮೀಟರುಗಳಲ್ಲಿ ಬರೆದರೆ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ನಾವು ಕೆಂಪು ಗೆರೆ ಎಳೆಯುತ್ತೇವೆ. ಇಲ್ಲಿ ಅದೇ ಅಂಕಿ ಬಿಲ್ಲನ್ನು ತಡೆಹಿಡಿಯಲು ಸಾಕ್ಷ್ಯವಾಗುತ್ತದೆ. ಮನೆಯ ಸುತ್ತ ತಂತ್ರಾಂಶ ಎಳೆದ ಕಾಲ್ಪನಿಕ ವೃತ್ತದ (‘ಜಿಯೋಫೆನ್ಸ್’) ಹೊರಗೆ ಚುಕ್ಕೆ ಬಿದ್ದರೆ ಭೇಟಿ ‘ಅಪವಾದ’ ಎಂದು ಗುರುತಾಗುತ್ತದೆ. ಅದನ್ನು ಕೈಯಾರೆ ತಿದ್ದಿ ವಿವರಣೆ ಕೊಡಬೇಕು.

ವೇಳೆಯ ಅಳತೆಯಲ್ಲೂ ಇಂಥದೇ ಸಮಸ್ಯೆ ಇದೆ. ದಾಖಲೆ ನಿಮಿಷಗಳಲ್ಲಿ, ಹಣ ಕೊಡುವುದು ಅನೇಕ ಸೇವೆಗಳಲ್ಲಿ 15 ನಿಮಿಷಗಳ ಏಕಮಾನದಲ್ಲಿ. ಸಮೀಪದ ಏಕಮಾನಕ್ಕೆ ಹೊಂದಿಸುವ ನಿಯಮವಿದ್ದರೆ 52 ನಿಮಿಷದ ಭೇಟಿ 3 ಏಕಮಾನ, 53 ನಿಮಿಷದ್ದು 4 ಏಕಮಾನ. ಒಂದು ನಿಮಿಷದ ಅಂತರ ಕಾಲು ಗಂಟೆಯ ಕೂಲಿಯಾಗುತ್ತದೆ. ಸಂಜ್ಞೆ ಸಿಗದೆ ಫೋನು ಎರಡು ನಿಮಿಷ ತಡಮಾಡಿದರೆ ನಷ್ಟ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ಎರಡನೆಯ ಪ್ರಶ್ನೆ: ಅಳತೆ ಬದುಕನ್ನು ಬದಲಿಸುತ್ತದೆಯೆ?

ಅಮ್ಮೀಟರಿನ ಆಂತರಿಕ ರೋಧ ಹೆಚ್ಚಾಗಿದ್ದರೆ ಅದು ಅಳೆಯಬೇಕಾದ ಪ್ರವಾಹವನ್ನೇ ತಗ್ಗಿಸಿಬಿಡುತ್ತದೆ. ಇ.ವಿ.ವಿ. ಹಾಗೆ ಮಾಡುತ್ತಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಮೆಡಿಕೇಡ್ ನೋಡಿಕೊಳ್ಳುವ ಕೇಂದ್ರ ಇಲಾಖೆ 2014ರಲ್ಲಿ ಒಂದು ನಿಯಮ ಹೊರಡಿಸಿತು. ಸೇವೆ ಪಡೆಯುವವರು ಊರಿನ ಬದುಕಿನಲ್ಲಿ ಎಲ್ಲರಂತೆ ಬೆರೆಯಬೇಕು. ಅವರ ಖಾಸಗಿತನ, ಘನತೆ, ಸ್ವಂತ ಆಯ್ಕೆಗಳಿಗೆ ಬೆಲೆ ಇರಬೇಕು. ಸೇವೆಯ ಯೋಜನೆ ಅವರನ್ನೇ ಕೇಂದ್ರವಾಗಿಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಅಂದರೆ ಆಟಿಸಂ ಇರುವ ಯುವಕನೊಬ್ಬ ಸಹಾಯಕನೊಂದಿಗೆ ಗ್ರಂಥಾಲಯಕ್ಕೆ ಹೋಗಬೇಕು, ಅಂಗಡಿಯಲ್ಲಿ ತಾನೇ ಹಣ ಎಣಿಸಿ ಕೊಡಬೇಕು, ಮನಸ್ಸಾದರೆ ಉದ್ಯಾನದಲ್ಲಿ ಇನ್ನೂ ಅರ್ಧ ಗಂಟೆ ಕೂರಬೇಕು. ಆದರೆ ಭೇಟಿ ಮುಗಿಯುವ ವೇಳೆಗೆ ಚುಕ್ಕೆ ಮನೆಯ ವೃತ್ತದೊಳಗೆ ಬೀಳದಿದ್ದರೆ ವಿವರಣೆ ಕೊಡಬೇಕು ಎಂದಾಗ ಸುಲಭದ ದಾರಿ ಯಾವುದು? ಮನೆಯಲ್ಲೇ ಇರುವುದು! ಅಲೆಕ್ಸಾಂಡ್ರಾ ಮಟೇಸ್ಕು ಅವರು ‘ಡೇಟಾ ಅಂಡ್ ಸೊಸೈಟಿ’ ಸಂಸ್ಥೆಗಾಗಿ 2021ರಲ್ಲಿ ಸಿದ್ಧಪಡಿಸಿದ ವರದಿ ಈ ಕಣ್ಗಾವಲಿನ ಭಾರ ಸಹಾಯಕರ ಮೇಲೆ ಮಾತ್ರವಲ್ಲ, ಸೇವೆ ಪಡೆಯುವವರ ಮೇಲೂ ಬೀಳುವುದನ್ನು ದಾಖಲಿಸಿದೆ. ಸಹಾಯಕರ ಚುಕ್ಕೆಯನ್ನು ಹಿಂಬಾಲಿಸಿದರೆ ಜೊತೆಗಿರುವವರ ಚುಕ್ಕೆಯನ್ನೂ ಹಿಂಬಾಲಿಸಿದಂತೆಯೇ. 2014ರ ನಿಯಮ ಹೊರಗೆ ಕರೆದವರನ್ನು 2016ರ ಕಾಯಿದೆಯ ಸಾಧನ ಒಳಗೆ ತಳ್ಳುತ್ತಿದೆ.

ಇದರ ಜೊತೆಗೆ ‘ಪಾಲನೆಯ ಪ್ರಮಾಣ’ ಎಂಬ ಸಂಖ್ಯೆ ಬೇರೆ. ಕೈಯಾರೆ ತಿದ್ದದೆ ತಾನಾಗಿ ದೃಢಪಟ್ಟ ಭೇಟಿಗಳು ಶೇಕಡ ಎಷ್ಟು ಎಂಬುದರ ಮೇಲೆ ಕೆಲವು ರಾಜ್ಯಗಳು ಸೇವಾಸಂಸ್ಥೆಗಳನ್ನು ಅಳೆಯುತ್ತವೆ. ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತನ್ನು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಿಂದ ಕರೆಯುವುದುಂಟು. ಹಣದ ನೀತಿಯ ಬಗೆಗೆ ಅವರು 1975ರಲ್ಲಿ ಮಂಡಿಸಿದ ವಿಚಾರ ಅದರ ಮೂಲ. ಅಂಕಗಳಿಗಾಗಿಯೇ ಪಾಠ ಮಾಡಿದರೆ ಕಲಿಕೆ ಏನಾಗುತ್ತದೆ ಎಂದು ಬಲ್ಲ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ಪ್ರಶ್ನೆ: ಅಳೆದದ್ದು ಏನನ್ನು?

2000ದ ಅಮೆರಿಕದ ಕಾಯಿದೆಯೊಂದು ಬೆಳವಣಿಗೆಯ ವೈಕಲ್ಯವನ್ನು ಹೀಗೆ ನಿರೂಪಿಸುತ್ತದೆ: 22 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡು, ಬಹುಕಾಲ ಉಳಿಯುವ, ಬದುಕಿನ ಏಳು ಕ್ಷೇತ್ರಗಳಲ್ಲಿ ಕನಿಷ್ಠ ಮೂರರಲ್ಲಿ ತೀವ್ರ ಮಿತಿ ಒಡ್ಡುವ ಸ್ಥಿತಿ. ತನ್ನ ಕೆಲಸ ತಾನೇ ಮಾಡಿಕೊಳ್ಳುವುದು, ಭಾಷೆ, ಕಲಿಕೆ, ಚಲನೆ, ಸ್ವನಿರ್ಧಾರ, ಸ್ವತಂತ್ರ ಬಾಳ್ವೆ, ಆರ್ಥಿಕ ಸ್ವಾವಲಂಬನೆ - ಇವೇ ಆ ಏಳು. ಸೇವೆ ಇರುವುದು ಈ ಏಳಕ್ಕಾಗಿ. ಈಗ ಇ.ವಿ.ವಿ.ಯ ಆರು ಅಂಶಗಳನ್ನು ಇವುಗಳ ಪಕ್ಕದಲ್ಲಿಡಿ. ಆರರಲ್ಲಿ ಒಂದಾದರೂ ಏಳರಲ್ಲಿ ಒಂದನ್ನು ಮುಟ್ಟುತ್ತದೆಯೆ? ಇಲ್ಲ. ನಿರ್ಲಕ್ಷ್ಯದಿಂದ ಮೂಲೆಯಲ್ಲಿ ಕುಳಿತು ಎದ್ದುಹೋದ ಸಹಾಯಕನೂ, ಮೂರು ತಿಂಗಳು ತಾಳ್ಮೆಯಿಂದ ಚಮಚ ಹಿಡಿಯಲು ಕಲಿಸಿದ ಸಹಾಯಕಿಯೂ ಈ ದಾಖಲೆಯಲ್ಲಿ ಒಂದೇ. ವಿಲೋಬ್ರೂಕ್‌ನ ಸಿಬ್ಬಂದಿಗೂ ಈ ಆರು ಅಂಶಗಳ ದಾಖಲೆ ಇಟ್ಟಿದ್ದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು: ಸಿಬ್ಬಂದಿ ಇದ್ದರು, ಸ್ಥಳ ಸರಿ, ವೇಳೆ ಸರಿ.

ಇದಕ್ಕೆ ಒಂದು ಸಮಾಧಾನವುಂಟು. ಇ.ವಿ.ವಿ. ಹಾಜರಿಯನ್ನು ಮಾತ್ರ ಅಳೆಯುತ್ತದೆ, ಗುಣಮಟ್ಟಕ್ಕೆ ಬೇರೆ ದಾಖಲೆಗಳಿವೆ ಎಂದು ಅದರ ಪರವಾದಿಗಳು ಹೇಳುತ್ತಾರೆ. ಮಾತು ನಿಜ, ಸೇವಾ ಯೋಜನೆ, ಪ್ರಗತಿ ಟಿಪ್ಪಣಿ, ಅವಘಡಗಳ ವರದಿ ಎಲ್ಲವೂ ಇವೆ. ಆದರೆ ಹಣ ನಿಲ್ಲುವುದು ಚುಕ್ಕೆ ತಪ್ಪಿದಾಗ ಎಂದಾದರೆ, ಸಂಸ್ಥೆಯ ಗಮನವೂ ಸಿಬ್ಬಂದಿಯ ಸಮಯವೂ ಚುಕ್ಕೆಯ ಕಡೆಗೇ ಹರಿಯುತ್ತವೆ. ದಂಡ ಇರುವ ಕಡೆ ಗಮನ ಇರುತ್ತದೆ.

ಕಾಯಿದೆಯನ್ನೂ ಪೂರ್ತಿ ದೂರಲಾಗದು. ವ್ಯವಸ್ಥೆಯ ಹೊರೆ ಕನಿಷ್ಠವಾಗಿರಬೇಕು, ಸಹಾಯಕರ ಆಯ್ಕೆಗೂ ಆರೈಕೆಯ ರೀತಿಗೂ ಅಡ್ಡಿಯಾಗಬಾರದು ಎಂದು ಅದೇ ವಿಧಿ ಹೇಳುತ್ತದೆ. ಜಿಪಿಎಸ್ ಇರಲೇಬೇಕೆಂದು ಅದು ಹೇಳಿಲ್ಲ. ಜೊತೆಯಲ್ಲೇ ವಾಸಿಸುವ ಸಹಾಯಕರಿಗೆ ಇ.ವಿ.ವಿ. ಕಡ್ಡಾಯವಲ್ಲ ಎಂದು ಕೇಂದ್ರ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ದೋಷದ ದೊಡ್ಡ ಪಾಲು ಕಾಯಿದೆಯದಲ್ಲ, ಸಾಧನದ ವಿನ್ಯಾಸದ್ದು.

ಹೇಗಿರಬೇಕಿತ್ತು?

ಒಳ್ಳೆಯ ಸಾಧನದ ಲಕ್ಷಣಗಳು ನಮಗೆ ಗೊತ್ತಿರುವಂಥವೇ. ಒಂದು, ಪ್ರತಿ ಸ್ಥಳದ ಅಳತೆಯೊಡನೆ ಫೋನು ತಾನೇ ಲೆಕ್ಕಹಾಕುವ ದೋಷದ ತ್ರಿಜ್ಯವನ್ನೂ ದಾಖಲಿಸಬೇಕು. ದೋಷದ ವೃತ್ತ ಮನೆಯನ್ನು ಮುಟ್ಟುತ್ತಿದ್ದರೆ ಆಕ್ಷೇಪ ಎತ್ತಬಾರದು. ಎರಡು, ಬೇಕಾದಷ್ಟನ್ನೇ ಅಳೆಯಬೇಕು. ‘ಮನೆಯಲ್ಲಿ’ ಅಥವಾ ‘ಹೊರಗೆ’ ಎಂದು ತಿಳಿದರೆ ಸಾಕಾಗುವ ಕಡೆ ಆರು ದಶಮಾಂಶಗಳ ನಿರ್ದೇಶಾಂಕವನ್ನು ಕೂಡಿಡುವ ಅಗತ್ಯವಿಲ್ಲ. ಮೂರು, ಹೊರಗೆ ಹೋದದ್ದನ್ನು ಅಪವಾದವೆಂದಲ್ಲ, ಯೋಜನೆಯ ಭಾಗವೆಂದು ಎಣಿಸಬೇಕು. ನಾಲ್ಕು, ಸೇವೆ ಪಡೆದವರ ಮಾತು - ಚಿತ್ರ ತೋರಿಸಿಯಾದರೂ, ಕೈಸನ್ನೆಯಿಂದಾದರೂ - ದಾಖಲೆಯಲ್ಲಿ ಒಂದು ಅಂಶವಾಗಬೇಕು.

ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಯೋಗವೂ ಹೌದು. ಶಾಲೆಯ ಅಂಗಳದಲ್ಲಿ ಒಂದು ಗುರುತು ಹಾಕಿ, ಅಲ್ಲಿ ಫೋನನ್ನು ಇಟ್ಟು ಐದೈದು ನಿಮಿಷಕ್ಕೆ ಒಮ್ಮೆಯಂತೆ ಇಪ್ಪತ್ತು ಬಾರಿ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಿ. ಅದೇ ಪ್ರಯೋಗವನ್ನು ಕೆಳಮಹಡಿಯ ಕೊಠಡಿಯೊಂದರ ನಡುವೆ ಮಾಡಿ. ಎರಡನ್ನೂ ನಕ್ಷೆಯ ಕಾಗದದಲ್ಲಿ ಗುರುತಿಸಿ, ಚುಕ್ಕೆಗಳು ಎಷ್ಟು ಚದುರಿವೆ ನೋಡಿ. ಆಮೇಲೆ ವಿದ್ಯಾರ್ಥಿಗಳನ್ನು ಕೇಳಿ: ಈ ಫೋನು ಇಡೀ ಹೊತ್ತು ಕದಲಲಿಲ್ಲ ಎಂದು ಚುಕ್ಕೆಗಳನ್ನು ಮಾತ್ರ ನೋಡಿ ಹೇಳಬಲ್ಲಿರಾ? ಅದರ ಜೊತೆಗಿದ್ದವರು ಏನು ಮಾಡುತ್ತಿದ್ದರೆಂದು ಹೇಳಬಲ್ಲಿರಾ?

ಮೊದಲ ಪ್ರಶ್ನೆಗೆ ದೋಷಗಣಿತ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಯಾವ ಉಪಗ್ರಹವೂ ಉತ್ತರ ಕೊಡಲಾರದು; ಪಕ್ಕದಲ್ಲಿ ಕುಳಿತು ಕೇಳುವ ಮನುಷ್ಯರೇ ಬೇಕು. ಮಾತು ಬಾರದವರ ರಕ್ಷಣೆಗೆಂದು ಹುಟ್ಟಿದ ದಾಖಲೆಯಲ್ಲಿ ಅವರ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ಅದನ್ನು ಎಷ್ಟು ನಿಖರವಾಗಿ ತುಂಬಿದರೂ ಉದ್ದೇಶ ಸಾಧಿಸಿದಂತಾಗದು.