ಎಲ್ಲಕ್ಕೂ ‘ವಾದ’ವೇ?

ಗ್ರೀಕಿನ ‘ಇಸ್ಮೋಸ್’ ಲ್ಯಾಟಿನ್‌ನಲ್ಲಿ ‘ಇಸ್ಮುಸ್’ ಆಯಿತು. ಜರ್ಮನ್ ಅದನ್ನು ಹಾಗೇ ಉಳಿಸಿಕೊಂಡಿತು. ಇಟಾಲಿಯನ್ನಿನಲ್ಲಿ ‘ಇಸ್ಮೊ’, ರಷ್ಯನ್ನಿನಲ್ಲಿ ‘ಇಜ್ಮ್’. ಮೂಲದಲ್ಲಿ ಅದು ಕ್ರಿಯೆಗೆ ಹೆಸರು ಕೊಡುವ ಪ್ರತ್ಯಯ: ‘ಬ್ಯಾಪ್ಟಿಸ್ಮೋಸ್’ ಎಂದರೆ ನೀರಲ್ಲಿ ಅದ್ದುವುದು. ರುಮಾಟಿಸಂ ಅಂತೂ ಕಾಯಿಲೆ.

ನಮ್ಮ ವಿಮರ್ಶೆ ಮಾತ್ರ ಕಂಡಕಂಡಲ್ಲಿ ‘ವಾದ’ ಅಂಟಿಸುತ್ತದೆ. 1874ರಲ್ಲಿ ಮೊನೆ ಮತ್ತು ಗೆಳೆಯರನ್ನು ಲೂಯಿ ಲೆರುವಾ ‘ಇಂಪ್ರೆಷನಿಸ್ಟರು’ ಎಂದದ್ದು ಗೇಲಿಗೆ. ಅವರು ವಾದ ಹೂಡಿರಲಿಲ್ಲ, ಬೆಳಕನ್ನು ಹಿಡಿಯುತ್ತಿದ್ದರು. ಕೆಲಸ ತೋರಿಸದೆ ವಾದ ಮಂಡಿಸುವವರನ್ನು ಪ್ರಾಜೆಕ್ಟ್ ಮೀಟಿಂಗುಗಳಲ್ಲಿ ದಿನವೂ ಕಾಣುವ ನನಗೆ ಈ ವ್ಯತ್ಯಾಸ ಸಣ್ಣದಲ್ಲ. ‘ವಾದ’ ಎಂದ ಕೂಡಲೇ ನಾವು ಕೃತಿ ಓದುವುದು ಬಿಟ್ಟು ಪಕ್ಷ ಹಿಡಿಯುತ್ತೇವೆ.

ನವೋದಯ, ನವ್ಯ, ಬಂಡಾಯ: ಈ ಹೆಸರುಗಳಿಗೆ ‘ವಾದ’ದ ಹಂಗಿರಲಿಲ್ಲ. ಆ ಧೈರ್ಯ ನಮಗೆ ಮತ್ತೆ ಬೇಕು.