ಭಾಷೆಗಳ ಲೆಕ್ಕದಾಚೆ: ಟೆನರ್ ನಿಕೊಲಾಯ್ ಗೆಡ್ಡಾ ಅವರ ರಂಗಜೀವನದ ಒಂದು ಓದು

ಅಧ್ಯಕ್ಷತೆ ವಹಿಸಿರುವ ಮೇಡಂ, ಗುರುಗಳೆ, ಬೇರೆ ಬೇರೆ ಊರುಗಳಿಂದ ಸೇರಿಕೊಂಡ ಗೆಳೆಯರೆ, ನನ್ನ ಸ್ವರ ಸರಿಯಾಗಿ ಕೇಳಿಸ್ತಾ ಉಂಟು ಅಂತ ಭಾವಿಸ್ತೇನೆ. ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಯುರೋಪಿನ ಒಪೆರಾ ಗಾಯಕನ ಕುರಿತ ಪ್ರಬಂಧ ಯಾಕೆ ಎಂಬ ಪ್ರಶ್ನೆ ಬರುವುದು ಸಹಜ. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡ್ತೇನೆ.

ನಮ್ಮ ಕಡೆ ಬಹುಭಾಷಿಕರನ್ನು ಹೊಗಳುವುದಕ್ಕೆ ಎರಡು ರೂಢಿಗಳು ಉಂಟು. ಒಂದು, ಲೆಕ್ಕ ಹೇಳುವುದು. ಮಂಜೇಶ್ವರದ ಗೋವಿಂದ ಪೈಗಳ ಮಾತು ಬಂದರೆ ಸಾಕು, ಅವರಿಗೆ ಎಷ್ಟು ಭಾಷೆ ಗೊತ್ತಿತ್ತು ಎಂಬ ಸಂಖ್ಯೆ ಮೊದಲು ಬರ್ತದೆ. ಆ ಭಾಷೆಗಳಿಂದ ಅವರು ಏನು ಮಾಡಿದರು ಎಂಬುದು ಆಮೇಲೆ, ಕೆಲವೊಮ್ಮೆ ಬರುವುದೇ ಇಲ್ಲ. ಇನ್ನೊಂದು, ಗುರುತು ಅಳಿಸಿದ್ದಕ್ಕೆ ಮೆಚ್ಚುವುದು. ನಿಮ್ಮ ಮಾತು ಕೇಳಿದ್ರೆ ಕಾಸರಗೋಡಿನವರು ಅಂತ ಗೊತ್ತೇ ಆಗುವುದಿಲ್ಲ ಎನ್ನುತ್ತಾರಲ್ಲ, ಆ ಬಗೆ. ಇದೇ ಎರಡು ಹೊಗಳಿಕೆಗಳನ್ನು ಅರ್ಧ ಶತಮಾನ ಕಾಲ, ಜಗತ್ತಿನ ದೊಡ್ಡ ದೊಡ್ಡ ರಂಗಮಂದಿರಗಳಲ್ಲಿ ಪಡೆದ ಕಲಾವಿದ ನಿಕೊಲಾಯ್ ಗೆಡ್ಡಾ. ಅವರ ಬಗ್ಗೆ ಬರೆದವರು ತಪ್ಪದೆ ಹೇಳುವ ಮಾತು ಇಷ್ಟು: ಏಳೆಂಟು ಭಾಷೆಗಳಲ್ಲಿ ಹಾಡಿದರು, ಯಾವುದರಲ್ಲೂ ಪರಕೀಯ ಉಚ್ಚಾರ ಕೇಳಿಸಲಿಲ್ಲ. ಈ ಮಾತು ಸುಳ್ಳಲ್ಲ. ಆದರೆ ಅದು ಅವರ ಕಲೆಯನ್ನು ವಿವರಿಸುವುದಿಲ್ಲ, ಮುಚ್ಚಿಡುತ್ತದೆ ಎಂಬುದು ನನ್ನ ವಾದ. ಯಾವ ಭಾಷೆ ಯಾರಿಂದ ಬಂತು, ಯಾವ ಕೆಲಸಕ್ಕೆ ಬಂತು, ಎಲ್ಲಿ ನಿಂತಿತು ಎಂದು ಕೇಳಿದಾಗ ಮಾತ್ರ ಆ ಕಲೆ ಕಾಣಿಸುತ್ತದೆ.

ಒಪೆರಾ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ಇದು ಮಾತಿಗೆ ಬದಲು ಉದ್ದಕ್ಕೂ ಹಾಡೇ ಇರುವ ನಾಟಕ. ಟೆನರ್ ಎಂದರೆ ಗಂಡು ಕಂಠಗಳಲ್ಲಿ ಮೇಲಿನ ಸ್ಥಾಯಿಯಲ್ಲಿ ಹಾಡುವ ಕಂಠ. ಪ್ರೇಮಿ, ಕವಿ, ರಾಜಕುಮಾರ ಇಂಥ ಪಾತ್ರಗಳು ಹೆಚ್ಚಾಗಿ ಅವನ ಪಾಲಿಗೆ. ಸಾವಿರಾರು ಜನರ ಮುಂದೆ, ದೊಡ್ಡ ವಾದ್ಯವೃಂದದ ಮೇಲೆ, ಧ್ವನಿವರ್ಧಕ ಇಲ್ಲದೆ ಹಾಡಬೇಕು. ಹಾಗಾಗಿ ಇಲ್ಲಿ ಉಚ್ಚಾರ ಎಂಬುದು ಅಲಂಕಾರ ಅಲ್ಲ. ಸ್ವರಾಕ್ಷರವನ್ನು ಬಾಯಿಯ ಯಾವ ಜಾಗದಲ್ಲಿ ಇಡುತ್ತೀರಿ ಎಂಬುದರ ಮೇಲೆ ದನಿ ಸಭಾಂಗಣದ ಕೊನೆಯ ಸಾಲಿಗೆ ಮುಟ್ಟುತ್ತದೋ ಇಲ್ಲವೋ ಎಂಬುದು ನಿಂತಿದೆ.

ಗೆಡ್ಡಾ ಹುಟ್ಟಿದ್ದು 1925ರ ಜುಲೈ 11ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಹೆತ್ತ ತಾಯಿ ಸ್ವೀಡಿಷ್, ತಂದೆ ಅರೆ ರಷ್ಯನ್. ಅವರಿಬ್ಬರಿಗೆ ಮದುವೆ ಆಗಿರಲಿಲ್ಲ. ಮಗುವನ್ನು ಸಾಕಿದ್ದು ಸೋದರತ್ತೆ ಓಲ್ಗಾ ಮತ್ತು ಆಕೆಯ ಗಂಡ ಮಿಖಾಯಿಲ್ ಉಸ್ತಿನೊವ್. ಈ ಸಾಕುತಂದೆ ಕೊಸಾಕ್ ಗಾಯನವೃಂದವೊಂದರಲ್ಲಿ ಮಂದ್ರ ಕಂಠದ ಗಾಯಕ. ಮುಂದೆ ಜರ್ಮನಿಯ ಲೈಪ್‌ಸಿಗ್‌ನ ರಷ್ಯನ್ ಆರ್ಥೊಡಾಕ್ಸ್ ಚರ್ಚಿನಲ್ಲಿ ಅವರಿಗೆ ಗಾಯನದ ಹೊಣೆ ಸಿಕ್ಕಿತು. ಸಂಸಾರ ಅಲ್ಲಿಗೆ ಹೋಯಿತು. ಹುಡುಗ ಆ ಚರ್ಚಿನಲ್ಲಿ ಹಾಡಿದ, ಜರ್ಮನ್ ಶಾಲೆಗೆ ಹೋದ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ, ಮತ್ತೆ ಸ್ಟಾಕ್‌ಹೋಮ್‌ಗೆ ವಾಪಸ್.

ಇಲ್ಲಿ ನಮ್ಮ ಕನ್ನಡದ ಎರಡು ಶಬ್ದಗಳು ಸಹಾಯಕ್ಕೆ ಬರುತ್ತವೆ. ಮಾತೃಭಾಷೆ ಮತ್ತು ಮನೆಮಾತು. ನಾವು ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸ್ತೇವೆ. ಗೆಡ್ಡಾ ಅವರ ವಿಷಯದಲ್ಲಿ ಇವು ಬೇರೆಬೇರೆ. ಹೆತ್ತ ತಾಯಿಯ ಭಾಷೆ ಸ್ವೀಡಿಷ್, ಸಾಕಿದ ಮನೆಯ ಮಾತು ರಷ್ಯನ್, ಪ್ರಾರ್ಥನೆಯ ಭಾಷೆ ಚರ್ಚಿನ ಹಳೆಯ ಸ್ಲಾವೊನಿಕ್, ಶಾಲೆಯ ಭಾಷೆ ಜರ್ಮನ್. ಇದನ್ನು ವರ ಎಂದು ಕರೆಯುವುದು ಸುಲಭ. ಆದರೆ ಒಂದೊಂದರ ಹಿಂದೆಯೂ ಒಂದೊಂದು ಸ್ಥಳಾಂತರ ಉಂಟು, ಒಬ್ಬ ಕಟ್ಟುನಿಟ್ಟಿನ ಗುರು ಉಂಟು. ಗೆಡ್ಡಾ ಸ್ವೀಡಿಷ್‌ನಲ್ಲಿ ಪ್ರಕಟಿಸಿದ ಆತ್ಮಕಥನದ ಹೆಸರೇ ‘ಕೊಡುಗೆ ಪುಕ್ಕಟೆಯಲ್ಲ’ ಎಂಬ ಅರ್ಥದ್ದು. ವಿಮರ್ಶಕರು ಆ ಹೆಸರನ್ನು ಇನ್ನೂ ಸ್ವಲ್ಪ ಗಂಭೀರವಾಗಿ ಓದಬೇಕಿತ್ತು.

ಅವರ ಹೆಸರು ಕೂಡ ಗಡಿ ದಾಟುವಾಗ ಬದಲಾಯಿತು. ಸ್ವೀಡಿಷ್‌ನಲ್ಲಿ ಆ ಅಡ್ಡಹೆಸರು ಹೊಳೆಯಲ್ಲಿ ಸಿಗುವ ಒಂದು ಮೀನಿನ ಹೆಸರು, ಅದರ ಮೊದಲ ಅಕ್ಷರ ‘ಯೆ’ ಎಂದೇ ಕೇಳಿಸ್ತದೆ. ಕಾಗುಣಿತವನ್ನು ಕೊಂಚ ಬದಲಿಸಿಕೊಂಡು ಹೊರಗೆ ಹೋದ ಮೇಲೆ ಜಗತ್ತು ಅವರನ್ನು ಗೆಡ್ಡಾ ಎಂದೇ ಕರೆಯಿತು. ನಮ್ಮ ಊರುಗಳ ಹೆಸರಿಗೆ ಎರಡೆರಡು ರೂಪ ಇರುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಂಗದ ಮಾತು. ಸ್ಟಾಕ್‌ಹೋಮ್‌ನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದಾಗ, ಅಲ್ಲಿಗೆ ಬರುತ್ತಿದ್ದ ಗ್ರಾಹಕರೊಬ್ಬರ ಮೂಲಕ ಹಿರಿಯ ಟೆನರ್ ಕಾರ್ಲ್ ಮಾರ್ಟಿನ್ ಓಮನ್ ಅವರ ಶಿಷ್ಯತ್ವ ಸಿಕ್ಕಿತು. 1952ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರಾಯಲ್ ಒಪೆರಾದಲ್ಲಿ ಅಡಾಲ್ಫ್ ಆಡಮ್‌ನ ಫ್ರೆಂಚ್ ಹಾಸ್ಯ ಒಪೆರಾ ಒಂದರ ಅಂಚೆ ಬಂಡಿ ಹೊಡೆಯುವವನ ಪಾತ್ರದಿಂದ ಪ್ರವೇಶ. ಆ ಹಾಡಿನ ತಾರಸ್ಥಾಯಿಯ ಎತ್ತರದ ಸ್ವರ ಅನೇಕ ಟೆನರ್‌ಗಳಿಗೆ ದಕ್ಕುವುದಿಲ್ಲ. ಇವರಿಗೆ ಸಲೀಸಾಗಿ ದಕ್ಕಿತು. ಆದರೆ ಅವರನ್ನು ಅಂತಾರಾಷ್ಟ್ರೀಯ ರಂಗಕ್ಕೆ ತಂದದ್ದು ಆ ಎತ್ತರದ ಸ್ವರ ಮಾತ್ರ ಅಲ್ಲ. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಆಗ ಮುಸೋರ್ಗ್‌ಸ್ಕಿಯ ‘ಬೋರಿಸ್ ಗೊಡುನೊವ್’ ಒಪೆರಾಕ್ಕೆ ದಿಮಿತ್ರಿಯ ಪಾತ್ರಧಾರಿಯನ್ನು ಹುಡುಕುತ್ತಿದ್ದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಅದರ ಮುದ್ರಣ ಆಯಿತು. ಬೋರಿಸ್ ಆಗಿ ಹಾಡಿದ್ದು ಬಲ್ಗೇರಿಯದ ಬೋರಿಸ್ ಕ್ರಿಸ್ತೊಫ್, ಹಿಮ್ಮೇಳಕ್ಕೆ ಪ್ಯಾರಿಸ್‌ನ ರಷ್ಯನ್ ಗಾಯನವೃಂದ. ರಷ್ಯಾದ ಆ ಮಹಾಕೃತಿಯನ್ನು ರಷ್ಯಾದಿಂದ ಹೊರಗೆ ನಿಂತು ಕಟ್ಟಿದರು. ಮನೆಯಲ್ಲಿ, ಚರ್ಚಿನಲ್ಲಿ ಕೂಲಿ ಇಲ್ಲದೆ ಕಲಿತ ಭಾಷೆಗೆ ಮೊದಲ ಸಲ ಮಾರುಕಟ್ಟೆಯಲ್ಲಿ ಬೆಲೆ ಬಂದದ್ದು ಹೀಗೆ. ಹೊರನಾಡಿನ ಭಾಷಾ ಸಮುದಾಯವೊಂದು ಉಳಿಸಿಕೊಂಡದ್ದು ಇಲ್ಲಿ ಕೆಲಸಕ್ಕೆ ಬಂತು.

ಅಲ್ಲಿಂದ ಮುಂದೆ ವೇಗ. 1953ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ಮೊಜಾರ್ಟ್‌ನ ಡಾನ್ ಒಟ್ಟಾವಿಯೊ. ಅಲ್ಲೇ ಲ್ಯಾಟಿನ್ ಮತ್ತು ಗ್ರೀಕ್ ಪಠ್ಯವಿರುವ ಕಾರ್ಲ್ ಓರ್ಫ್‌ನ ಹೊಸ ಕೃತಿಯಲ್ಲಿ ವರನ ಪಾತ್ರ. 1954ರಲ್ಲಿ ಪ್ಯಾರಿಸ್ ಮತ್ತು ಲಂಡನ್. 1957ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಗೂನೊನ ಫೌಸ್ಟ್. 1983ರ ತನಕ ಆ ಒಂದೇ ರಂಗದಲ್ಲಿ 300ಕ್ಕೂ ಹೆಚ್ಚು ಪ್ರದರ್ಶನ.

ಈ ಪಟ್ಟಿಯನ್ನು ಇಲ್ಲಿಗೆ ನಿಲ್ಲಿಸಿ ಕೇಳುವ ಕೆಲಸ ಮಾಡೋಣ. ‘ಉಚ್ಚಾರ ಗುರುತಿಲ್ಲ’ ಅಂದ್ರೆ ಎಲ್ಲ ಭಾಷೆಯನ್ನೂ ಒಂದೇ ನಯವಾದ ದನಿಯಲ್ಲಿ ಹಾಡಿದರು ಎಂಬ ಅರ್ಥ ಬರ್ತದೆ. ಮುದ್ರಣಗಳನ್ನು ಕೇಳಿದರೆ ಆಗಿರುವುದು ಅದರ ಉಲ್ಟಾ. ಫೌಸ್ಟ್‌ನ ಉದ್ಯಾನದ ಹಾಡಿನಲ್ಲಿ ದನಿ ಮುಂದಕ್ಕೆ, ಹಗುರವಾಗಿ ನಿಲ್ಲುತ್ತದೆ. ಫ್ರೆಂಚ್‌ನ ಅನುನಾಸಿಕ ಸ್ವರಗಳಿಗೆ ಮೂಗು ಬೇಕು, ಆದರೆ ದನಿಯೇ ಮೂಗಿನದಾಗಬಾರದು. ಆ ಕೂದಲೆಳೆಯ ಅಂತರವನ್ನು ಅವರು ಕಾಯುತ್ತಾರೆ. ಮೇಲಿನ ಸ್ವರಕ್ಕೆ ಎದೆಯ ಬಲದಿಂದ ಏರದೆ, ಎದೆ ಮತ್ತು ತಲೆಯ ಅನುರಣನ ಬೆರೆಸಿದ ಮಿಶ್ರ ದನಿಯಲ್ಲಿ ತಲುಪುತ್ತಾರೆ. ಅದೇ ಗಾಯಕ ಚೈಕೋವ್‌ಸ್ಕಿಯ ‘ಯೆವ್ಗೆನಿ ಅನೇಗಿನ್’ ಒಪೆರಾದಲ್ಲಿ, ದ್ವಂದ್ವಯುದ್ಧಕ್ಕೆ ಮುಂಚೆ ಕವಿ ಲೆನ್ಸ್‌ಕಿ ಹಾಡುವ ಹಾಡಿಗೆ ಬಂದಾಗ ದನಿ ಹಿಂದಕ್ಕೆ ಸರಿದು ಕಪ್ಪಾಗುತ್ತದೆ. ರಷ್ಯನ್‌ನಲ್ಲಿ ಒತ್ತು ಬೀಳದ ‘ಒ’ ಸ್ವರ ‘ಅ’ದ ಕಡೆಗೆ ಜಾರುತ್ತದೆ, ವ್ಯಂಜನಗಳು ಯಕಾರ ಸೇರಿದಂತೆ ಮೆತ್ತಗಾಗುತ್ತವೆ. ಗೆಡ್ಡಾ ಈ ಜಾರುವಿಕೆಯಿಂದಲೇ ದುಃಖವನ್ನು ಕಟ್ಟುತ್ತಾರೆ, ಬೇರೆ ಅಳು ಸೇರಿಸುವುದಿಲ್ಲ.

ಇಟಾಲಿಯನ್‌ನ ಸಂಗತಿ ಕನ್ನಡಿಗರಿಗೆ ಬೇಗ ಅರ್ಥ ಆಗ್ತದೆ. ಅಲ್ಲೂ ನಮ್ಮ ಹಾಗೆ ದ್ವಿತ್ವ ಉಂಟು. ‘ಹಳಿ’ ಮತ್ತು ‘ಹಳ್ಳಿ’ಯ ವ್ಯತ್ಯಾಸ ಅರ್ಥದ ವ್ಯತ್ಯಾಸ. ಗೆಡ್ಡಾ ಒತ್ತಕ್ಷರಗಳನ್ನು ತಪ್ಪದೆ ಹಿಡಿಯುತ್ತಾರೆ. ಆದರೂ ವರ್ಡಿಯ ಪಾತ್ರಗಳಲ್ಲಿ ಏನೋ ಎಚ್ಚರ ಉಳಿದುಬಿಡುತ್ತದೆ. ಅಕ್ಷರ ಸರಿ, ಆದರೆ ಅಕ್ಷರವನ್ನು ಮರೆತು ಹಾಡುವ ಸಲಿಗೆ ಕಡಿಮೆ. ಅವರನ್ನು ‘ತಣ್ಣನೆಯ ಗಾಯಕ’ ಎಂದ ವಿಮರ್ಶಕರು ಇಂಥ ಕಡೆ ಸಂಪೂರ್ಣ ತಪ್ಪಲ್ಲ. ಅದನ್ನು ಇಡೀ ಕಲೆಗೆ ಅನ್ವಯಿಸಿದ್ದು ತಪ್ಪು. ಎಲ್ಲ ಭಾಷೆಯಲ್ಲೂ ಒಂದೇ ಸಲಿಗೆ ಇರಬೇಕೆಂದು ಅವರು ಬಯಸಿದ್ದು ಲೆಕ್ಕದ ಹೊಗಳಿಕೆಯ ಇನ್ನೊಂದು ಮುಖ.

ಅಮೆರಿಕದ ಇಂಗ್ಲಿಷ್‌ನ ಪ್ರಸಂಗ ಇದಕ್ಕೆ ಇನ್ನೊಂದು ಸಾಕ್ಷಿ. 1958ರ ಜನವರಿಯಲ್ಲಿ ಮೆಟ್‌ನಲ್ಲಿ ಸ್ಯಾಮ್ಯುಯೆಲ್ ಬಾರ್ಬರ್‌ನ ‘ವನೆಸ್ಸಾ’ ಮೊದಲ ಪ್ರದರ್ಶನ ಕಂಡಿತು. ಮುಖ್ಯ ಪಾತ್ರಗಳಲ್ಲಿ ಅಮೆರಿಕನ್ನರೇ. ಅನಾತೊಲ್ ಆಗಿ ಗೆಡ್ಡಾ. ಮುದ್ರಣದಲ್ಲಿ ಅವರ ಇಂಗ್ಲಿಷ್ ಎಷ್ಟು ಸ್ಪಷ್ಟ ಎಂದರೆ ಪುಸ್ತಕ ಎದುರಿಗೆ ಇಟ್ಟುಕೊಳ್ಳಬೇಕಾಗುವುದಿಲ್ಲ. ಅನಾತೊಲ್ ಎಲ್ಲಿಂದಲೋ ಬಂದವನು, ಯಾವುದಕ್ಕೂ ಪೂರ್ತಿ ಮನಸ್ಸು ಕೊಡದವನು. ಆ ಅತಿ ಸ್ಪಷ್ಟತೆ ಪಾತ್ರದ ಪರಕೀಯತೆಯನ್ನೇ ಹೇಳುತ್ತದೆ. ಮನೆಯವರು ಅಷ್ಟು ಶುದ್ಧವಾಗಿ ಮಾತಾಡುವುದಿಲ್ಲ ಅಲ್ವಾ?

ಈಗ ನನಗೆ ಮುಖ್ಯವೆನಿಸುವ, ಹೆಚ್ಚಿನವರು ದಾಟಿಹೋಗುವ ಒಂದು ಪಾತ್ರಕ್ಕೆ ಬರ್ತೇನೆ. 1964ರ ಜನವರಿಯಲ್ಲಿ ಮೆಟ್‌ನಲ್ಲಿ ಜಾನ್ ಕಾರ್ಲೊ ಮೆನೊಟ್ಟಿಯ ‘ಕೊನೆಯ ಕಾಡುಮನುಷ್ಯ’ ಎಂಬರ್ಥದ ಹಾಸ್ಯ ಒಪೆರಾ ಬಂತು. ಕಥೆ ನಡೆಯುವುದು ಭಾರತದಲ್ಲಿ. ಮಾನವಶಾಸ್ತ್ರ ಓದುವ ಅಮೆರಿಕದ ಶ್ರೀಮಂತರ ಮಗಳು ಕೊನೆಯ ಕಾಡುಮನುಷ್ಯನನ್ನು ಹುಡುಕಿಕೊಂಡು ಬರುತ್ತಾಳೆ. ಬಡ ರೈತ ಅಬ್ದುಲ್‌ಗೆ ದುಡ್ಡು ಕೊಟ್ಟು ಕಾಡುಮನುಷ್ಯನಂತೆ ನಟಿಸಲು ಹೇಳುತ್ತಾರೆ. ಗೆಡ್ಡಾ ಅವರದು ರಾಜಕುಮಾರ ಕೋದಂಡನ ಪಾತ್ರ. ಮೆನೊಟ್ಟಿ ಬರೆದದ್ದು ಇಟಾಲಿಯನ್‌ನಲ್ಲಿ, ಮೊದಲ ಪ್ರದರ್ಶನ 1963ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಇಂಗ್ಲಿಷ್. ಮೂರು ಭಾಷೆ ದಾಟಿದ ಈ ಕೃತಿಯಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಕೋದಂಡ ಎಂಬ ಹೆಸರು ನಮ್ಮ ಕಿವಿಗೆ ರಾಮನ ಬಿಲ್ಲು, ನಮ್ಮೂರಿನ ಅಜ್ಜಂದಿರ ಹೆಸರು. ರಂಗದ ಮೇಲೆ ಅದು ಬರೀ ದೂರದೇಶದ ಒಂದು ಸದ್ದು.

ಇದೇ ಸಾಲಿಗೆ ಸೇರುವ ಪಾತ್ರಗಳು ಅವರಲ್ಲಿ ಇನ್ನೂ ಉಂಟು. ಬಿಜೆಯ ‘ಮುತ್ತು ಹೆಕ್ಕುವವರು’ ಒಪೆರಾದ ನಾದಿರ್ ಸಿಂಹಳದವನು. ಆ ಕಥೆಯನ್ನು ಮೊದಲು ಮೆಕ್ಸಿಕೊದಲ್ಲಿ ಇಡಲು ಯೋಚಿಸಿದ್ದರು, ಆಮೇಲೆ ಸಿಂಹಳಕ್ಕೆ ಬದಲಿಸಿದರು ಎಂಬುದೇ ಎಲ್ಲವನ್ನೂ ಹೇಳುತ್ತದೆ. ಲೆಹಾರ್‌ನ ಅಪೆರೆಟಾದಲ್ಲಿ ಅವರು ಚೀನಾದ ರಾಜಕುಮಾರ. ನಾದಿರನ ಹಾಡನ್ನು ಗೆಡ್ಡಾ ಹಾಡಿದಷ್ಟು ಮೃದುವಾಗಿ ಹಾಡಿದವರು ವಿರಳ. ಆದರೆ ಆ ಮಾಧುರ್ಯ ಪೂರ್ತಿ ಫ್ರೆಂಚ್ ಮಾಧುರ್ಯ. ಇಲ್ಲಿ ಗೆಡ್ಡಾ ಅವರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಕೃತಿಯೇ ಭಾಷೆ ಕೊಡದ ಜನರಿಗೆ ಗಾಯಕ ಎಲ್ಲಿಂದ ಭಾಷೆ ತರಬೇಕು? ಲೆನ್ಸ್‌ಕಿಯನ್ನು ಹಾಡುವಾಗ ತಪ್ಪು ಹಿಡಿಯಲು ರಷ್ಯನ್ನರು ಕೂತಿರುತ್ತಾರೆ. ಕೋದಂಡನನ್ನು ಹಾಡುವಾಗ ತಪ್ಪು ಹಿಡಿಯುವವರೇ ಇಲ್ಲ, ಯಾಕೆಂದರೆ ತಪ್ಪಾಗಲಿಕ್ಕೆ ಅಲ್ಲಿ ಏನೂ ಇಟ್ಟಿಲ್ಲ. ‘ಅಂತಾರಾಷ್ಟ್ರೀಯ’ ಎಂಬ ವಿಶೇಷಣದ ಗಡಿ ಇಲ್ಲಿ ಕಾಣ್ತದೆ. ಆ ರಂಗ ಕಲಿಯಲು ಯೋಗ್ಯ ಎಂದು ಒಪ್ಪಿದ ಭಾಷೆಗಳ ಪಟ್ಟಿ ತುಂಬಾ ಚಿಕ್ಕದು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಹಾಗಾದರೆ ಅವರಿಗೆ ಸ್ವಂತದ್ದು ಎಂಬುದೇ ಇರಲಿಲ್ಲವಾ? ಒಳ್ಳೆಯ ಪ್ರಶ್ನೆ. ಸ್ವಂತದ್ದು ಇತ್ತು, ಅದನ್ನು ಅವರ ನಿರಾಕರಣೆಗಳಲ್ಲಿ ನೋಡಬಹುದು. 1966ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಾಗ್ನರ್‌ನ ಲೋಹೆನ್‌ಗ್ರಿನ್ ಹಾಡಿದರು. ಯಶಸ್ಸೂ ಬಂತು. ಆದರೂ ಆ ಭಾರದ ಪಾತ್ರಗಳ ದಾರಿ ತನ್ನ ಕಂಠಕ್ಕೆ ಸಲ್ಲದು ಎಂದು ಬಿಟ್ಟರು. ಅವರಿಗೆ ಜರ್ಮನ್ ಬರ್ತಿತ್ತು. ಬರ್ತದೆ ಎಂಬ ಕಾರಣಕ್ಕೆ ಆ ಭಾಷೆಯ ಎಲ್ಲವನ್ನೂ ಹಾಡಬೇಕಾಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿಯೇ ಎಪ್ಪತ್ತು ದಾಟಿದ ಮೇಲೂ ಆ ಕಂಠ ಕೆಲಸ ಮಾಡಿತು. ಇನ್ನು 1980ರ ದಶಕದ ಆರಂಭದಲ್ಲಿ ಮಾಸ್ಕೊದ ಬೊಲ್ಶೊಯ್ ರಂಗದಲ್ಲಿ ಲೆನ್ಸ್‌ಕಿ ಹಾಡಿದರು. ಮನೆಮಾತಿನ ನಾಡಿನಲ್ಲಿ, ಅತಿಥಿಯಾಗಿ. ಹೊರಗೆ ಉಳಿದ ರಷ್ಯನ್ ಒಳಗಿನ ರಷ್ಯನ್ನಿನ ಎದುರು ನಿಂತ ಆ ಸಂದರ್ಭ ಅವರ ಇಡೀ ರಂಗಜೀವನದ ಅತ್ಯಂತ ಕಠಿಣ ಪರೀಕ್ಷೆ ಎಂದು ನಾನು ಓದ್ತೇನೆ. ಗೆಡ್ಡಾ 2017ರ ಜನವರಿ 8ರಂದು ಸ್ವಿಟ್ಜರ್‌ಲೆಂಡ್‌ನಲ್ಲಿ ತೀರಿಕೊಂಡರು, 91 ವರ್ಷ.

ನಮ್ಮ ಅಧ್ಯಯನಕ್ಕೆ ಇದರಿಂದ ಏನು ಸಿಗ್ತದೆ? ಗಡಿಯಾಚೆಗೆ ಹೋಗಿ ಹಾಡಿದ ಕಲಾವಿದರ ಪರಂಪರೆ ನಮ್ಮಲ್ಲೂ ಉಂಟು. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಪಾತ್ರ ಮಾಡಿದವರು. ಅಂಥವರ ಬಗ್ಗೆ ಬರೆಯುವಾಗ ಕನ್ನಡಿಗ ಎಂಬ ಹೆಮ್ಮೆ, ಮರಾಠಿಗರೂ ಮೆಚ್ಚಿದರು ಎಂಬ ಸಮಾಧಾನ, ಇಷ್ಟಕ್ಕೇ ನಾವು ನಿಲ್ಲಿಸ್ತೇವೆ. ಕನ್ನಡದ ಬಾಯಿ ಮರಾಠಿ ಪದವನ್ನು ಹೇಗೆ ಹಿಡಿಯಿತು, ಯಾವ ಅಕ್ಷರದಲ್ಲಿ ಸಲಿಗೆ ಬಂತು, ಯಾವುದರಲ್ಲಿ ಎಚ್ಚರ ಉಳಿಯಿತು ಎಂದು ಕಿವಿಗೊಟ್ಟು ಬರೆದ ವಿಮರ್ಶೆ ಬೇಕು. ಸೊಲ್ಲಾಪುರದವರು, ಅದೋನಿಯವರು, ತಾಳವಾಡಿಯವರು ಈ ಗೋಷ್ಠಿಯಲ್ಲಿ ಇದ್ದೀರಿ. ಈ ಬಗೆಯ ಕಿವಿ ನಮಗೆ ಹುಟ್ಟಿನಿಂದ ಬಂದದ್ದು. ಗುರುತು ಅಳಿಸಿಕೊಳ್ಳಲಿಕ್ಕೆ ಅದನ್ನು ಬಳಸಿದ್ದು ಸಾಕು, ವಿಮರ್ಶೆಗೆ ಬಳಸೋಣ ಎಂಬುದು ನನ್ನ ಕೋರಿಕೆ.

ಸಮಯ ಮೀರಿದೆ ಅಂತ ಕಾಣ್ತದೆ. ಇನ್ನು ಚರ್ಚೆಗೆ ಬಿಡ್ತೇನೆ.